ಮುಷ್ಟಿಯಲ್ಲಿ ಉಳಿದ ಅಕ್ಷತೆ

ಅಣ್ಣ ಬಿನ್ನಿಪೇಟೆ ಕಡೆಯ ಟಾಕೀಸೊಂದರಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ. ವಿಡಿಯೊ ಅಂದರೆ ತಾತ್ಸಾರ. ಅದರ ಟೇಪನ್ನು ಬೆಳಕಿಗೆ ಹಿಡಿದರೆ ಏನೂ ಕಾಣುವುದಿಲ್ಲ ಎನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಅತ್ತಿಗೆ ಒಂದೇ ಕೇಳಿದರು: ಮಗಳ ಮದುವೆ ವಿಡಿಯೊದಲ್ಲಿ ಮಾಂಗಲ್ಯ ಕಟ್ಟುವ ಮೂರು ನಿಮಿಷವನ್ನಾದರೂ ಫಿಲ್ಮಿಗೆ ಇಳಿಸಿ, ಅವನು ಮನೆಯಲ್ಲಿಟ್ಟಿದ್ದ ಸಣ್ಣ ಪ್ರೊಜೆಕ್ಟರಿನಲ್ಲಿ ತೋರಿಸಬೇಕು. ನಾನು ಸ್ಟುಡಿಯೊದಲ್ಲಿ ಫಿಲ್ಮ್ ತೊಳೆದೇ ಮುದುಕನಾದವನು. ಒಪ್ಪಿಕೊಂಡೆ.

ಬಸವೇಶ್ವರನಗರದ ನಮ್ಮ ಮನೆಯಲ್ಲಿ, ಒಂದು ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ, ಟಿ.ವಿ.ಯಲ್ಲಿ ವಿಡಿಯೊ ಹಾಕಿ, ಅದರ ಎದುರು ಸಣ್ಣ ರೀಲಿನ ಕ್ಯಾಮೆರಾ ನಿಲ್ಲಿಸಿದೆ. ಶಬ್ದ ತೆಗೆದಿದ್ದೆ. ಕತ್ತಲಲ್ಲಿ ಮದುವೆ ನಡೆದ ವಿಜಯನಗರದ ಛತ್ರ ನೀರಿನಡಿಯ ಊರಿನಂತೆ ತೇಲಿತು. ಅಣ್ಣ ಜೀವಂತವಾಗಿ ಓಡಾಡುತ್ತಿದ್ದ. ನಾದಸ್ವರದವರ ಕೆನ್ನೆ ಉಬ್ಬಿತು; ಅಕ್ಷತೆ ಹೊಂಗೆ ಹೂವಿನ ಹಾಗೆ ಉದುರತೊಡಗಿತು. ಅಷ್ಟರಲ್ಲಿ ಕಂಬದ ಪಕ್ಕ ನಾನೇ ಕಂಡೆ. ಮುಷ್ಟಿ ಬಿಗಿದಿತ್ತು.

ಮಗಳ ಹೆಣ್ಣು ನೋಡುವ ಶಾಸ್ತ್ರಕ್ಕೆ ಅಣ್ಣ ನನ್ನನ್ನು ಕರೆದಿರಲಿಲ್ಲ. ಆ ಸಿಟ್ಟಿಗೆ, ಕೈಗೆ ಕೊಟ್ಟ ಅಕ್ಷತೆಯನ್ನು ಆ ಮಗುವಿನ ತಲೆಯ ಮೇಲೆ ಹಾಕಲಿಲ್ಲ. ಎಲ್ಲರೂ ಊಟಕ್ಕೆ ಎದ್ದಾಗ ಕುರ್ಚಿಯ ಕೆಳಗೆ ಸುರಿದುಬಂದೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಈಗಲೂ ಗೊತ್ತಾಗಬಾರದೆಂದು ಕ್ಯಾಮೆರಾದ ಗುಂಡಿಯಿಂದ ಬೆರಳು ತೆಗೆದು ಫಿಲ್ಮ್ ನಿಲ್ಲಿಸಿದೆ. ನಾನು ಪರದೆಯಿಂದ ಸರಿದ ಮೇಲೆ ಮತ್ತೆ ಒತ್ತಿದೆ.

ಬಚ್ಚಲಮನೆಯಲ್ಲೇ ಫಿಲ್ಮ್ ತೊಳೆದು ಒಣಗಿಸಿ, ಭಾನುವಾರ ಅತ್ತಿಗೆಯ ಮನೆ ಗೋಡೆಯ ಮೇಲೆ ಬಿಟ್ಟೆ. ಟಿ.ವಿ.ಯಿಂದ ಬಂದ ಕಪ್ಪು ಪಟ್ಟಿಯೊಂದು ಮೋಡದ ನೆರಳಿನಂತೆ ಮದುವೆಯ ಮೇಲೆ ಮೆಲ್ಲಗೆ ಏರುತ್ತಿತ್ತು. ಅಕ್ಷತೆ ಬೀಳುವಾಗ ಗೋಡೆ ಒಮ್ಮೆ ಫಳಕ್ಕನೆ ಬೆಳ್ಳಗಾಯಿತು. ಕ್ಯಾಮೆರಾ ನಿಲ್ಲಿಸಿ ಮತ್ತೆ ಓಡಿಸಿದರೆ ಫಿಲ್ಮಿನ ಆ ಚೌಕಕ್ಕೆ ಬೆಳಕು ಹೆಚ್ಚು ಬೀಳುತ್ತದೆ. ಇದು ಟಾಕೀಸಿನವನ ಹೆಂಡತಿಗೂ ಗೊತ್ತಿರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

“ಇಲ್ಲಿ ನಿಲ್ಸಿದ್ದೀರಲ್ವಾ?” ಅಂದರು.

ಹೂಂ ಅಂದೆ. ಯಾಕೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನಾದರೂ ಸುಳ್ಳು ಹೇಳುತ್ತಿದ್ದೆನೇನೋ. ಕೇಳದ್ದರಿಂದಲೇ ಎಲ್ಲವನ್ನೂ ಹೇಳಿಬಿಟ್ಟೆ. ರೀಲು ಮುಗಿದು ತುದಿ ಪಟಪಟ ಬಡಿಯುತ್ತಿತ್ತು.

“ನಿಮ್ಮಣ್ಣಂಗೆ ಗೊತ್ತಿತ್ತು,” ಅಂದರು ಅತ್ತಿಗೆ. “ವಿಡಿಯೊದಲ್ಲಿ ಆ ಜಾಗ ಬಂದಾಗೆಲ್ಲ ನಗ್ತಿದ್ರು. ‘ನೋಡೇ, ಕೈ ತುಂಬ ಇಟ್ಕೊಂಡು ನಿಂತವ್ನೆ. ಎಲ್ರದ್ದೂ ಆದ್ಮೇಲೆ ಹಾಕ್ತಾನೆ’ ಅನ್ನೋರು.”

ಮಾರನೆಯ ದಿನ ಹೊಸ ರೀಲು ಹಾಕಿ ಮೊದಲಿನಿಂದ ಇಳಿಸಿದೆ. ಕಂಬದ ಪಕ್ಕದ ಮನುಷ್ಯ ಬಂದ, ನಿಂತ, ಹೋದ. ಬೆರಳು ಎತ್ತಲಿಲ್ಲ. ಅದನ್ನು ಅಣ್ಣನ ಮಗಳಿಗೆ ತೋರಿಸಿ, ಅಕ್ಷತೆ ಹಾಕದೆ ಹೋದದ್ದನ್ನು ನಾನೇ ಹೇಳಬೇಕು. ಇನ್ನೂ ತೋರಿಸಿಲ್ಲ.