ಕೊನೆಯ ಸೊನ್ನೆ

ಕೊಚ್ಚಿಯ ಪಾಲಾರಿವಟ್ಟಂನ ನಮ್ಮ ಬಿಲ್ಡಿಂಗಿನ ಕೆಳಮನೆಯ ದಿನಕರಣ್ಣ ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿ ಹದಿನೆಂಟು ವರ್ಷವಾದರೂ ಅವರ ತೋರುಬೆರಳಿಗೆ ಇನ್ನೂ ನಿವೃತ್ತಿಯಾಗಿಲ್ಲ. ಮೊಬೈಲಿನಲ್ಲಿ ಅವರು ಯಾರ ಹೆಸರನ್ನೂ ಉಳಿಸಿಕೊಳ್ಳುವುದಿಲ್ಲ, "ಹೆಸರು ಒತ್ತಿದರೆ ಅದು ಫೋನಾ ಮಾರಾಯ್ರೆ? ಕಾಲಿಂಗ್ ಬೆಲ್" ಎನ್ನುತ್ತಾರೆ. ನಂಬರ್ ಒತ್ತುವ ಮೊದಲು ಮೊಬೈಲನ್ನು ಕಿವಿಗಿಟ್ಟು, ಡಯಲ್ ಟೋನ್ ಇಲ್ಲವೆಂದು ಪ್ರತಿ ಸಲವೂ ಹೊಸದಾಗಿ ಬೇಸರಪಡುತ್ತಾರೆ. ಯಾರ ನಂಬರ್ ಕೇಳಿದರೂ ಮೊದಲು ಬೆರಳು ಹಳೇ ಡಯಲ್ ಫೋನ್ ತಿರುಗಿಸುವಂತೆ ಗಾಳಿಯಲ್ಲಿ ಒಂದೊಂದೇ ಸುತ್ತು ಹಾಕುತ್ತದೆ, ಆಮೇಲೆ ಬಾಯಿ ಅದನ್ನು ಓದಿ ಹೇಳುತ್ತದೆ. ಮೀನಿನವಳು, ಗ್ಯಾಸಿನವನು, ಊರಲ್ಲಿ ಎಂದೋ ಮುಚ್ಚಿದ ಸೋಡಾ ಫ್ಯಾಕ್ಟರಿ, ಎಲ್ಲರೂ ಆ ಬೆರಳಿನಲ್ಲಿದ್ದಾರೆ. ಎದುರಿನ ಅಂಗಡಿಯ ವರ್ಗೀಸ್ ತನ್ನ ನಂಬರ್ ಹೇಳಲು "ಪರಯೂ ಸಾರೇ" ಎಂದು ದಿನವೂ ಪರೀಕ್ಷೆಯಿಟ್ಟು ದಿನವೂ ಸೋಲುತ್ತಾನೆ. ಆದರೆ ಸುಮ್ಮನೆ ಕೂತಿರುವಾಗ ಆ ಬೆರಳು ತಾನಾಗಿ ಒಂದೇ ನಂಬರನ್ನು ತಿರುಗಿಸಿ, ಕೊನೆಯ ಸುತ್ತಿನ ನಡುವೆ ನಿಂತುಬಿಡುತ್ತದೆ. ಅದು ಯಾರದ್ದೆಂದು ಒಮ್ಮೆ ಕೇಳಿದೆ. "ಕುಂದಾಪುರದಲ್ಲಿ ತೀರಿಹೋದ ನನ್ನ ಅಕ್ಕನದ್ದು" ಎಂದರು. "ನಾವು ಮಾತು ಬಿಟ್ಟಿದ್ದೆವು. ಹನ್ನೊಂದು ವರ್ಷ ಪ್ರತಿ ಭಾನುವಾರ ತಿರುಗಿಸ್ತಿದ್ದೆ. ಕೊನೆಯ ಅಂಕೆ ಸೊನ್ನೆ. ಒಂದಕ್ಕಾದರೆ ಡಯಲನ್ನು ಚೂರು ಎಳೆದರೆ ಸಾಕು. ಸೊನ್ನೆಗೆ ಪೂರ್ತಿ ಸುತ್ತಬೇಕು, ಅದು ಮೆಲ್ಲಗೆ ವಾಪಸ್ ಬರಬೇಕು. ಅಷ್ಟರಲ್ಲಿ ಹಳೇ ಸಿಟ್ಟು ನೆನಪಾಗ್ತಿತ್ತು, ರಿಸೀವರ್ ಇಟ್ಟುಬಿಡ್ತಿದ್ದೆ." ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡರು. "ಅವಳ ನಂಬರಿನ ಕೊನೆಗೆ ಒಂದು ಇದ್ದಿದ್ದರೆ ಮಾತಾಡಿರ್ತಿದ್ದೆ ಮಾರಾಯ್ರೆ."