ರಿಮೋಟು ಮುಟ್ಟಬೇಡಿ ಅಂದಿದ್ದೆ

ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ರಿಮೋಟು ಮುಟ್ಟಬೇಡಿ ಎಂದು ಅಪ್ಪನಿಗೆ ಎಷ್ಟು ಸಲ ಹೇಳಿದ್ದೆನೋ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಸಾದಲಿಯಲ್ಲಿ ನಾವು ರೇಷ್ಮೆಹುಳು ಸಾಕುವವರು. ಕೇಬಲ್ ಚಾನೆಲ್‌ನವರು ಮನೆಗೆ ಬಂದು ಸಾಕಣೆಯ ಬಗ್ಗೆ ಅಮ್ಮನನ್ನು ಮಾತಾಡಿಸಿಕೊಂಡು ಹೋಗಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಡದ ಅಮ್ಮ ಅವತ್ತು ಹೊಸ ಸೀರೆ ಉಟ್ಟು ಎಷ್ಟು ಚೆನ್ನಾಗಿ ಮಾತಾಡಿದ್ದಳು! ಅದು ಪ್ರಸಾರವಾಗುವ ಮಧ್ಯಾಹ್ನಕ್ಕೆ ಸರಿಯಾಗಿ ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಆ ಕೊನೆಯ ಹಂತದಲ್ಲಿ ಎಷ್ಟು ಸೊಪ್ಪು ಹಾಕಿದರೂ ಅವಕ್ಕೆ ಸಾಲದು. ಬಿಟ್ಟು ಬಂದು ಟೀವಿ ಮುಂದೆ ಕೂರುವ ಹಾಗಿಲ್ಲ. ಪುಟ್ಟ ಚಾನೆಲ್ಲು, ಒಮ್ಮೆ ಹೋದರೆ ಹೋಯಿತು.

"ಕಂಪ್ಯೂಟರಲ್ಲಿ ಹಿಡ್ಕೊಳ್ಳಮ್ಮ, ಆಮೇಲೆ ನಿಧಾನವಾಗಿ ನೋಡ್ತೀನಿ" ಎಂದಳು ಅಮ್ಮ.

ಚಿಂತಾಮಣಿಯಿಂದ ರೆಕಾರ್ಡ್ ಮಾಡುವ ಡಬ್ಬಿ ತಂದು ಸೆಟ್‌ಟಾಪ್ ಬಾಕ್ಸಿಗೂ ಕಂಪ್ಯೂಟರಿಗೂ ಸಿಕ್ಕಿಸಿದೆ. ಬಾಕ್ಸಿನಲ್ಲಿ ಯಾವ ಚಾನೆಲ್ ಓಡುತ್ತದೋ ಅದೇ ರೆಕಾರ್ಡ್ ಆಗುವುದು. ಇದನ್ನೂ ಅಪ್ಪನಿಗೆ ಬಿಡಿಸಿ ಹೇಳಿ, ರೆಕಾರ್ಡಿಂಗ್ ಶುರು ಮಾಡಿ, ಅಮ್ಮನ ಜೊತೆ ಸೊಪ್ಪು ಹಾಕಲು ಹೋದೆ.

ಸಂಜೆ ಅಮ್ಮ ಕೈಕಾಲು ತೊಳೆದು, ತಲೆ ಬಾಚಿಕೊಂಡು ಬಂದು ಕಂಪ್ಯೂಟರ್ ಮುಂದೆ ಕೂತಳು. ತನ್ನನ್ನು ತಾನು ನೋಡಿಕೊಳ್ಳಲು ತಲೆ ಬಾಚಿಕೊಂಡಿದ್ದಳು! ಪರದೆಯ ಮೇಲೆ ಅವಳು ಕೈ ಮುಗಿದಳು. "ನಮ್ಮ ಮನೇಲಿ ಹುಳ ನೋಡ್ಕೊಳ್ಳೋದು ನಾನೇ..." ಎನ್ನುತ್ತಿದ್ದಂತೆ ಪರದೆ ಕಪ್ಪಾಗಿ ಕ್ರಿಕೆಟ್ ಬಂತು. ಮುಂದಕ್ಕೆ ಓಡಿಸಿದೆ. ಕೊನೆಯವರೆಗೂ ಕ್ರಿಕೆಟ್ಟೇ.

ಅಪ್ಪನ ಮೇಲೆ ಹರಿಹಾಯ್ದೆ.

"ರೆಕಾರ್ಡ್ ಆಗ್ತಿದ್ದಿದ್ದು ಕಂಪ್ಯೂಟರಲ್ಲಿ ತಾನೇ? ಟೀವಿ ತಿರುಗಿಸಿದ್ರೆ ಅದಕ್ಕೇನಾಗುತ್ತೆ ಅಂದ್ಕೊಂಡೆ" ಎಂದರು ಅಪ್ಪ. "ಹೋಗ್ಲಿ ಬಿಡಮ್ಮ. ಮನೇಲೇ ಇದಾಳಲ್ಲ, ದಿನಾ ಮಾತಾಡ್ತಾಳೆ."

ನನ್ನ ಪಿತ್ತ ನೆತ್ತಿಗೇರಿತು. ಬಾಕ್ಸು, ವೈರು, ಚಾನೆಲ್ಲು ಎಂದು ಮತ್ತೆ ಮೊದಲಿನಿಂದ ಕಿರುಚತೊಡಗಿದೆ. ಅಮ್ಮ ಕೈ ಎತ್ತಿ ನನ್ನನ್ನು ತಡೆದಳು. ಅಪ್ಪನ ಕಡೆ ತಿರುಗಿದಳು.

"ಮಿಷನ್ ವಿಷ್ಯ ನಿಮಗೆ ಗೊತ್ತಾಗ್ಲಿಲ್ಲ, ಸರಿ. ಟೀವೀಲಿ ನಾನು ಮಾತಾಡೋಕೆ ಶುರು ಮಾಡಿದ್ದು ನೋಡಿದ್ರಲ್ಲ? ನೋಡೀನೂ ತಿರುಗಿಸಿದ್ರಾ?"

ಇಷ್ಟು ಹೊತ್ತು ವೈರಿನ ಮೇಲೆ ಕೂಗಾಡಿದ ನನಗೆ ಇದು ಹೊಳೆದಿರಲೇ ಇಲ್ಲ. ಅಮ್ಮ ಎದ್ದು ಹುಳುಗಳ ಹತ್ತಿರ ಹೋದಳು. ಅಪ್ಪ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹಿಂದೆಯೇ ಹೋದರು.

"ಅಲ್ಲೇ ಇಡಿ" ಎಂದಳು, ತಿರುಗಿಯೂ ನೋಡದೆ. "ನೀವು ಹೋಗಿ ಮ್ಯಾಚು ನೋಡ್ಕೊಳ್ಳಿ."