ಹಗ್ಗದ ತುದಿಯ ಆಂಕರ್

ಆಗ ನನಗೆ ಅರವತ್ತೆಂಟು. ಈಗ್ಗೆ ನಾಲ್ಕು ವರ್ಷದ ಕೆಳಗಿನ ಮಾತು. ಸಿಂಗಾಪುರ ಅಂದರೆ ಹೊರದೇಶದ್ದಲ್ಲ, ಈಗ ಸಿಟಿಗೆ ಸೇರಿಹೋದ ನಮ್ಮೂರು. ಅಲ್ಲಿ ನಮ್ಮ ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಾಗ ನಮ್ಮ ಪಾಲಿಗೆ ಬಂದ ಮನೆಯಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಓದಿದ್ದು ಮೂರನೇ ಕ್ಲಾಸು, ಅಕ್ಷರ ಅಂಕುಡೊಂಕು. ಅದಕ್ಕೆ ಯಾರಾದರೂ ನಗುವುದಿದ್ದರೆ ನಗಲಿ.

ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಎದುರು ಬ್ಲಾಕಿನ ಹೆಂಗಸೊಬ್ಬಳು ಸೆಕ್ರೆಟರಿ. ನನ್ನ ಮಗಳ ವಯಸ್ಸಿನವಳು. ಒಂದು ಮೀಟಿಂಗಿನಲ್ಲಿ ಟ್ಯಾಂಕರ್ ನೀರಿನ ವಿಷಯ ಮಾತಾಡಲು ಎದ್ದು ಮೈಕು ಹಿಡಿದೆ. ಎರಡು ಮಾತು ಆಡಿರಲಿಲ್ಲ, ಅವಳು ಬಂದು ಕೈಯಿಂದ ಮೈಕು ಕಿತ್ತುಕೊಂಡಳು.

"ಅಜ್ಜಿ, ಇದು ನಿಮ್ಮೂರ ಅರಳಿಕಟ್ಟೆ ಅಲ್ಲ. ಕೂತ್ಕೊಳ್ಳಿ."

ನಮ್ಮ ಮಣ್ಣಿನ ಮೇಲೆ ಕುರ್ಚಿ ಹಾಕಿಕೊಂಡು ಕೂತವರೆಲ್ಲ ನಕ್ಕರು. ಅದೇ ಜನರ ಎದುರು ಅವಳನ್ನು ನೆಲಕ್ಕೆ ಕೆಡವಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

ರಾಜ್ಯೋತ್ಸವ ಬಂತು. ಎರಡು ಬ್ಲಾಕಿನ ಹೆಂಗಸರಿಗೆ ಹಗ್ಗಜಗ್ಗಾಟ. ನಮ್ಮ ಕಡೆಯ ಹುಡುಗಿಯೊಬ್ಬಳು ಬಂದು, "ಅಜ್ಜಿ, ನೀವೇ ನಮ್ಮ ಆಂಕರ್. ಹಗ್ಗದ ಕೊನೇಲಿ ನಿಂತ್ಕೋಬೇಕು" ಎಂದಳು. ಟಿ.ವಿ.ಯಲ್ಲಿ ಕಾರ್ಯಕ್ರಮ ನಡೆಸುವವಳೂ ಆಂಕರ್, ಗೋಡೆಗೆ ಹೊಡೆಯುವ ಬೋಲ್ಟೂ ಆಂಕರ್, ಈಗ ನಾನೂ. ಸೆಕ್ರೆಟರಿ ಅಲ್ಲೇ ಇದ್ದಳು.

"ಒಳ್ಳೆ ಸೆಲೆಕ್ಷನ್ ಕಣ್ರೇ! ಆಂಕರ್ ಅಂದ್ರೆ ಹಡಗಿನ ಕಬ್ಬಿಣ. ಭಾರವಾಗಿ ಬಿದ್ದಿದ್ರೆ ಸಾಕು" ಎಂದು ನನ್ನ ಸೊಂಟವನ್ನು ಕಣ್ಣಲ್ಲೇ ಅಳೆದಳು.

ಕೆಳಗಿನ ಮನೆಯಲ್ಲಿ ಹಡಗಿನಲ್ಲಿ ದುಡಿದು ರಿಟೈರಾದವರೊಬ್ಬರಿದ್ದರು. ನೇರ ಅವರ ಬಾಗಿಲಿಗೆ ಹೋದೆ.

"ಏನಪ್ಪಾ, ಈ ಆಂಕರ್ ಅನ್ನಾದು ಬರೀ ಭಾರವಾ? ಸರ್ಯಾಗಿ ಬುಡಿಸಿ ಏಳು."

"ಹಾಗಂದೋರು ಯಾರಮ್ಮಾ? ಹಿಂದೆ ಕಲ್ಲು ಕಟ್ಟಿ ಇಳಿಬಿಡ್ತಿದ್ರು. ಕಲ್ಲು ಬರೀ ಭಾರ, ಹಡಗು ಎಳೆದ ಕಡೆ ಜಾರ್ಕೊಂಡು ಹೋಗೋದು. ಆಮೇಲೆ ಕೊಕ್ಕೆ ಮಾಡಿದ್ರು. ಆಂಕರ್ ಅನ್ನೋ ಮಾತೂ ಗ್ರೀಕರದ್ದು, ಬಗ್ಗಿದ್ದು ಅಂತ ಅದರ ಬೇರು. ನಾವು ಲಂಗರು ಅಂತೀವಲ್ಲ, ಅದು ಫಾರ್ಸಿ ಭಾಷೆಯಿಂದ ಬಂದಿದ್ದು."

"ಅದೆಲ್ಲ ಇರ್ಲಿ. ಇಡಿಯಾದು ಎಂಗೆ?"

"ಕೊಕ್ಕೆ ಮಣ್ಣಿಗೆ ಕಚ್ಚುತ್ತೆ. ಸರಪಳಿ ನೆಲದ ಮೇಲೇ ಮಲಗಿರ್ಬೇಕು. ಮೇಲಕ್ಕೆ ಎತ್ತಿದ್ರೆ ಕಿತ್ಕೊಂಡು ಬಂದ್ಬಿಡುತ್ತೆ, ಅಡ್ಡಕ್ಕೆ ಎಳೆದಷ್ಟೂ ಒಳಗೆ ಇಳಿಯುತ್ತೆ."

"ಅಂದ್ರೆ ಅವ್ಳು ಎಳೆದಷ್ಟೂ ನಂಗೇ ಒಳ್ಳೇದು ಅನ್ನು."

"ಅಯ್ಯೋ, ಯಾರಮ್ಮ ಆ ಪುಣ್ಯಾತ್ಗಿತ್ತಿ?" ಎಂದು ಅವರು ನಕ್ಕರು.

ಆಟ ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ಸೈಟಿನಲ್ಲಿ. ಹಗ್ಗವನ್ನು ಕಂಕುಳ ಕೆಳಗಿಂದ ಬೆನ್ನಿಗೆ ತಂದು ಹೆಗಲ ಮೇಲಿಂದ ಇಳಿಬಿಟ್ಟುಕೊಂಡೆ. ಸೀರೆ ಎತ್ತಿ ಕಟ್ಟಿದೆ, ಚಪ್ಪಲಿ ಬಿಟ್ಟೆ, ಹಿಮ್ಮಡಿಯನ್ನು ಮಣ್ಣಿಗೆ ಇಳಿಸಿದೆ.

"ಅಗ್ಗ ಮೇಲಕ್ಕೆ ಎತ್ತಬ್ಯಾಡ್ರೇ. ತಗ್ಗಿ, ಸುಮ್ಕೆ ಇಡ್ಕಳ್ಳಿ. ನಾನು ಊಂ ಅನ್ನೋಗಂಟ ಎಳೀಬ್ಯಾಡಿ" ಎಂದು ನಮ್ಮ ಹುಡುಗಿಯರಿಗೆ ಹೇಳಿದೆ.

ಎದುರು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಸೆಕ್ರೆಟರಿ. ಸೀಟಿ ಊದಿದರು. ಎಳೆದರು. ಹಗ್ಗ ನನ್ನ ಬೆನ್ನಿನ ಚರ್ಮ ಸುಲಿಯಿತು, ಕಾಲು ಮಾತ್ರ ಅಲುಗಲಿಲ್ಲ.

"ಎಳೀರಿ! ಅಜ್ಜಿ ಜಾರ್ತಿದಾರೆ!" ಅವಳು ಕಿರುಚಿದಳು.

"ಎಳಿಯವ್ವ, ಎಳಿ! ಮೈಕು ಕಿತ್ಕಂಡೋಳಿಗೆ ಅಗ್ಗ ಕಿತ್ಕಳಕ್ಕಾಗಕ್ಕಿಲ್ವಾ?"

ಗೆಲ್ಲುವ ಅವಸರ ನನಗಿರಲಿಲ್ಲ. ಅದು ತೆಂಗಿನ ನಾರಿನ ಹಗ್ಗ. ಅವಳದು ಬೆಣ್ಣೆಯಂಥ ಅಂಗೈ. ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಕೈ ಉರಿಯುತ್ತಿದೆ ಎಂದು ಗೊತ್ತಾಯಿತು. ಇನ್ನೂ ಉರಿಯಲಿ ಎಂದು ನಿಂತೇ ಇದ್ದೆ. ಅವರ ಕಾಲುಗಳು ತಡವರಿಸತೊಡಗಿದಾಗ "ಈಗ ಎಳೀರಿ" ಎಂದೆ. ಒಂದೇ ಜಗ್ಗು. ಅವಳು ಗೆರೆ ದಾಟಿ ಬಂದು ಮಕಾಡೆ ಬಿದ್ದಳು. ಬಾಯಿಗೆ ಮಣ್ಣು ಹೋಯಿತು. ಮೀಟಿಂಗಿನಲ್ಲಿ ನಕ್ಕವರೇ ಈಗಲೂ ನಕ್ಕರು. ನಾನು ನಗಲಿಲ್ಲ. ಕಣ್ಣು ತುಂಬ ನೋಡಿದೆ.

ಮರುದಿನ ಬೆಳಿಗ್ಗೆ ಲಿಫ್ಟಿನ ಹತ್ತಿರ ಸಿಕ್ಕಳು. ಅಂಗೈ ತುಂಬ ಬೊಕ್ಕೆ ಎದ್ದಿತ್ತು, ಮುಲಾಮು ಹಚ್ಚಿಕೊಂಡಿದ್ದಳು. ಸುತ್ತ ನಾಲ್ಕು ಜನರಿದ್ದರು. "ಚೆನ್ನಾಗಿ ಆಡ್ದೆ ಕಣವ್ವ" ಎಂದು ನಾನೇ ಕೈ ಚಾಚಿದೆ. ಅವರೆಲ್ಲರ ಎದುರು ಬೇಡವೆನ್ನಲಾಗದೆ ಅವಳೂ ಕೈ ಕೊಟ್ಟಳು. ಗಟ್ಟಿಯಾಗಿ ಹಿಡಿದು ಕುಲುಕಿದೆ. ಲಿಫ್ಟು ಬರುವವರೆಗೂ ಬಿಡಲಿಲ್ಲ.